ನಡುಗಡ್ಡೆಯ ತಾಯಿಯ ಕೆಂಪು ಸೀರೆ

ದೇವಿಗೆ ಉಡಿಸಿದ ಸೀರೆಯನ್ನು ತಿರುಗಿ ಎಳೆದುಕೊಂಡವನು ನಾನು. ಹದಿನೆಂಟು ವರ್ಷ ಮನೆಯವರ ಹೊರತು ಯಾರಿಗೂ ಹೇಳಿರಲಿಲ್ಲ. ಭಕ್ತ ಬಂಧುಗಳ ಮುಂದೆ ಇಂದು ಹೇಳಿ ಹಗುರಾಗುತ್ತೇನೆ.

ಎಂಬತ್ತೊಂದನೆಯ ಇಸವಿಯ ನವರಾತ್ರಿ. ಉಗಾರ ಬುದ್ರುಕದಲ್ಲಿ ನನ್ನ ಹೆಂಡತಿ ಬಾಣಂತಿ. ಹೆರಿಗೆ ಸುಸೂತ್ರವಾದರೆ ಕೃಷ್ಣೆಯ ನಡುಗಡ್ಡೆಯ ತಾಯಿಗೆ ಆ ನವರಾತ್ರಿಯಲ್ಲೇ ಉಡಿ ತುಂಬಿಸುವುದಾಗಿ ಹರಕೆ ಹೊತ್ತಿದ್ದಳು. ಬಾಣಂತಿ ಹೊಳೆ ದಾಟುವಂತಿಲ್ಲ, ಗಂಡಸರು ಉಡಿ ತುಂಬುವಂತಿಲ್ಲ. ಅದಕ್ಕೆ ಐದು ವರ್ಷದ ಮಗಳು ಸುಮಿತ್ರಾಳನ್ನು ಕರೆದುಕೊಂಡು ಹೊರಟೆ. ಪೂಜೆಗೆಂದು ಧೋತರ, ಅಂಗಿ, ಟೊಪ್ಪಿಗೆ ಎಲ್ಲ ಬಿಳಿ, ಇಸ್ತ್ರಿ ಮಾಡಿದ್ದು. ಆ ಡೌಲು ನನಗಿತ್ತು.

ಅಂಬಿಗ ರಾಮಪ್ಪ ನಮ್ಮನ್ನು ನಡುಗಡ್ಡೆಯಲ್ಲಿ ಇಳಿಸಿ, "ಪೂಜಿ ಮುಗದ ಮ್ಯಾಲ ದಂಡಿಗೆ ನಿಂತು ಅರಿವಿ ಬೀಸ್ರಿ, ಬರ್ತೀನಿ" ಎಂದು ಆಚೆ ದಡಕ್ಕೆ ಹೋದ. ಕೂಗಿದರೆ ಕೇಳದಷ್ಟು ಅಗಲ ಹೊಳೆ. ನೀರು ಏರಿದ್ದರಿಂದ ಆ ದಿನ ಬೇರೆ ಯಾರೂ ಬಂದಿರಲಿಲ್ಲ.

ಮಗಳು ತನ್ನ ಕೈಯಿಂದಲೇ ತಾಯಿಗೆ ಕೆಂಪು ಸೀರೆ ಹೊದಿಸಿ ಉಡಿ ತುಂಬಿದಳು. "ಕಾಯಿ ಒಡಿಯಾಕ ಒಂದು ಕಲ್ಲು ತಾ ಬೇ" ಎಂದೆ. ಅವಳು ಎತ್ತಿದ ಕಲ್ಲಿನ ಕೆಳಗೆ ಕೆಂಪು ಚೇಳಿತ್ತು, ಬೆರಳಿಗೆ ಕುಟುಕಿಬಿಟ್ಟಿತು.

ಸ್ವಲ್ಪ ಹೊತ್ತಿಗೆ ಕೂಸು ವಾಂತಿ ಮಾಡಿ, ಬೆವತು ತೊಯ್ದುಹೋಯಿತು. ಗುಡಿಯಲ್ಲಿ ಮಲಗಿಸಿ, ದಂಡೆಗೆ ಓಡಿ ಹೆಗಲ ಮೇಲಿನ ಬಿಳಿ ಟವೆಲ್ ಬೀಸಿದೆ. ರಾಮಪ್ಪ ಈ ಕಡೆಗೇ ಮುಖ ಮಾಡಿ ಕುಳಿತಿದ್ದ, ಏಳಲಿಲ್ಲ. ಧೋತರ ಬಿಚ್ಚಿ ಬೀಸಿದೆ. ಆಗಲೂ ಏಳಲಿಲ್ಲ. ಬಾಯಿಗೆ ಬಂದಂತೆ ಬೈದೆ. ಗುಡಿಗೆ ಮರಳಿದಾಗ ಮಗಳ ಕೈಕಾಲು ತಣ್ಣಗಾಗಿದ್ದವು.

"ಅಪ್ಪಾ, ಥಂಡಿ..." ಎಂದಳು.

ನನ್ನ ಅರಿವೆಗಳೆಲ್ಲ ಬೆವರಿಗೆ, ಕೆಸರಿಗೆ ಒದ್ದೆ. ಒಣಗಿದ್ದದ್ದು ತಾಯಿಯ ಮೈಮೇಲಿನ ಸೀರೆ ಒಂದೇ. "ಯವ್ವಾ, ಪಾಪ ನನಗಿರಲಿ, ಕೂಸಿಗೆ ಬ್ಯಾಡ" ಎಂದು ಅತ್ತು ಅದನ್ನು ತೆಗೆದು ಮಗಳಿಗೆ ಸುತ್ತಿದೆ. ಎತ್ತಿಕೊಂಡು ಮತ್ತೆ ದಂಡೆಗೆ ಬಂದೆ. ಇನ್ನು ಬೀಸಲು ಕೈ ಖಾಲಿ ಇರಲಿಲ್ಲ. ಸೆರಗು ಮಾತ್ರ ಗಾಳಿಗೆ ಹಾರುತ್ತಿತ್ತು.

ರಾಮಪ್ಪ ಎದ್ದ!

"ದಂಡಿ ತುಂಬ ಬಿಳಿ ಹುಲ್ಲು ಹೂಬಿಟ್ಟೈತ್ರಿ. ನೀವು ಬೀಸಿದ್ದು ನನಗ ಹುಲ್ಲಿನಾಂಗ ಕಂಡಿತು" ಎಂದ ಹುಟ್ಟು ಹಾಕುತ್ತ. "ಆಮ್ಯಾಲ ಕೆಂಪು ಸೀರಿ ಉಟ್ಟ ಹೆಣ್ಮಗಳು ನಿಂತಾಂಗ ಕಂಡಿತ್ರಿ. ನಾ ಇವತ್ತ ದೊಡ್ಡ ಹೆಣ್ಮಕ್ಕಳನ್ನ ಯಾರನ್ನೂ ಇಲ್ಲಿ ತಂದು ಬಿಟ್ಟೇ ಇಲ್ಲಲ್ಲ, ಯಾರಿವರು ಅಂತ ಗಾಬರಿಯಾಗಿ ಬಂದೆ."

ಸಿಕ್ಕ ಬಸ್ಸು ಹತ್ತಿ ಅಥಣಿಯ ದವಾಖಾನೆ ಸೇರಿದೆವು. ಎರಡು ದಿನ ಡಾಕ್ಟರರು ಭರವಸೆ ಕೊಡಲಿಲ್ಲ. ಮೂರನೆಯ ದಿನ ಮಗಳು ಚಹಾದ ಜೊತೆ ಟೋಸ್ಟ್ ಬೇಕೆಂದು ಹಟ ಹಿಡಿದಳು. ನಾನು ವಾರ್ಡಿನಲ್ಲೇ ಕುಳಿತು ಅತ್ತೆ.

ಸೀರೆಯ ವಿಷಯ ಹೆಂಡತಿಗೆ ಅಂಜುತ್ತಲೇ ಹೇಳಿದೆ. "ನೀವೇನ್ ಕಸಗೊಂಡಿಲ್ರಿ. ಆಕಿ ಕೊಟ್ಟಾಳ" ಎಂದು ಅದನ್ನು ಒಗೆದು ಟ್ರಂಕಿನಲ್ಲಿಟ್ಟಳು.

ಈ ನವರಾತ್ರಿಗೆ ಸುಮಿತ್ರಾ ಗಂಡನ ಮನೆಯಿಂದ ಬಂದು ತಾಯಿಗೆ ಹೊಸ ಸೀರೆ ಉಡಿಸಿದಳು. ಹಳೆಯದನ್ನು ನಡುಗಡ್ಡೆಯ ದಂಡೆಯಲ್ಲಿ ಉದ್ದನೆಯ ಬಿದಿರಿಗೆ ಕಟ್ಟಿದಳು. ಯಾರಿಗೆ ಬೇಕೋ ಅವರು ಎತ್ತಿ ಬೀಸಲಿ. ತಾಯಿ ನೋಡುತ್ತಾಳೆ, ಅಂಬಿಗನಿಗೂ ಕಾಣಿಸುತ್ತಾಳೆ.