ಅಮ್ಮ ಗುಲಾಬಿ ಮುತ್ತನ್ನು ಪರೀಕ್ಷಿಸಿದ್ದು

ಅಮ್ಮ ಯಾರನ್ನೂ ನಂಬುತ್ತಿರಲಿಲ್ಲ. ಹಾಲಿನವನು ಬಂದರೆ ಉಗುರಿನ ಮೇಲೆ ಒಂದು ತೊಟ್ಟು ಬಿಟ್ಟು, ಅದು ಹರಿಯುತ್ತದೋ ನಿಲ್ಲುತ್ತದೋ ನೋಡುವಳು. ತರಕಾರಿಯವಳು ತೂಗುವ ಮುಂಚೆ ಖಾಲಿ ತಕ್ಕಡಿ ಎತ್ತಿ ತೋರಿಸಬೇಕು. ಕಾಲೇಜಿನಲ್ಲಿ ಪರೀಕ್ಷೆ ಚೆನ್ನಾಗಿ ಬರೆದೆ ಅಂತ ನಾನು ಹೇಳಿದರೂ ನನ್ನ ಗೆಳತಿಯನ್ನು ಕರೆದು ಇನ್ನೊಮ್ಮೆ ಕೇಳುವಳು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನುವುದು ಬೇರೆಯವರಿಗೆ ಗಾದೆ. ನಮ್ಮ ಮನೆಯಲ್ಲಿ ಅದು ದಿನಚರಿ.

ಇದಕ್ಕೆ ಹೊರತಾಗಿದ್ದವರು ಪಕ್ಕದ ಮನೆಯ ಖಾಲಾ ಒಬ್ಬರೇ. ಎಪ್ಪತ್ತರ ದಶಕದ ಕೊನೆಯ ಆರ್.ಟಿ. ನಗರದಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಹಾಗಾಗಿ ಪಕ್ಕದವರು ಅಂದರೆ ನಿಜಕ್ಕೂ ಅವರೊಬ್ಬರೇ. ತಮ್ಮ ಮನೆಯಲ್ಲಿ ದಖ್ನಿ ಉರ್ದು, ನಮ್ಮ ಜೊತೆ ಕನ್ನಡ. ಖಾಲಾ ಅಂದರೆ ಅವರ ಮಾತಿನಲ್ಲಿ ಚಿಕ್ಕಮ್ಮ. ನಾನು ಚಿಕ್ಕವಳಿದ್ದಾಗ ಅಮ್ಮ ಆಸ್ಪತ್ರೆ ಸೇರಿದಾಗಲೆಲ್ಲ ನನಗೆ ಜಡೆ ಹಾಕಿ ಸ್ಕೂಲಿಗೆ ಕಳಿಸಿದವರು ಅವರು. ಅಮ್ಮನಿಗೆ ಬೇರೆ ಗೆಳತಿ ಇರಲಿಲ್ಲ.

ಆ ವರ್ಷ ಮಳೆ ಹಿಂದೆಗೆದು ನವರಾತ್ರಿ ಹತ್ತಿರ ಬಂದಾಗ ಕಾಲೇಜಿನಲ್ಲಿ ಎಲ್ಲರಿಗೂ ಬಣ್ಣದ ಮುತ್ತಿನ ಹುಚ್ಚು. ಗೊಂಬೆ ನೋಡಲು ಮನೆಮನೆಗೆ ಹೋಗುವಾಗ ಸೀರೆಗೆ ಒಪ್ಪುವ ಸರ ಕೊರಳಲ್ಲಿರಬೇಕು. ಖಾಲಾರ ಅಣ್ಣ ಹೈದರಾಬಾದಿನಿಂದ ಮುತ್ತು ತಂದು ಮಾರುವವರು. ಖಾಲಾ ಅಣ್ಣನ ಗಂಟನ್ನೇ ತಂದು ನಮ್ಮ ಚಾಪೆಯ ಮೇಲೆ ಬಿಚ್ಚಿದರು. ನಾನು ನನ್ನ ಎಲೆಹಸಿರು ಸೀರೆಯ ಸೆರಗು ಹರಡಿ ಒಂದೊಂದೇ ಸರ ಇಟ್ಟು ನೋಡಿದೆ. ಬೂದಿ ಬಣ್ಣದ್ದು ಮಂಕಾಯಿತು. ಹೊನ್ನಿನ ಛಾಯೆಯದು ಜರಿಯಲ್ಲಿ ಕಾಣದೇ ಹೋಯಿತು. ತಿಳಿಗುಲಾಬಿಯದನ್ನು ಇಟ್ಟೆ ನೋಡಿ, ಹಳೆಯ ಸೀರೆಗೇ ಹೊಸ ಕಳೆ ಬಂತು. ಅದನ್ನು ಕೈಯಿಂದ ಬಿಡಲು ನನಗೆ ಮನಸ್ಸೇ ಬರಲಿಲ್ಲ.

ಅಮ್ಮನ ಹುಬ್ಬು ಮಾತ್ರ ಗಂಟಾಗಿತ್ತು. ಮುತ್ತು ಅಂದರೆ ಬಿಳಿ, ಗುಲಾಬಿ ಮುತ್ತನ್ನು ಅವಳು ಹುಟ್ಟಿದ ಮೇಲೆ ಕಂಡಿರಲಿಲ್ಲ. ಹೋಗುವಾಗ ಖಾಲಾ ನನ್ನ ತಲೆ ಸವರಿ ಹೇಳಿದರು:

"ಹಬ್ಬಕ್ಕೆ ಹಾಕ್ಕೋ ಬೇಟಾ, ದುಡ್ಡು ಆಮೇಲೆ ಕೊಟ್ರಾಯ್ತು. ಹುಳಿ, ಸೋಪು, ಅತ್ತರು ಮಾತ್ರ ತಾಗಿಸ್ಬೇಡ."

ಆ ಒಂದು ಮಾತು ಸಾಕಾಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗಾಯಿತು ಅಂತ ಅಮ್ಮ ಶುರುಮಾಡಿದಳು. ಅಸಲಿ ಮಾಲಾದರೆ ತೊಳೆಯಲು ಭಯವೇಕೆ? ಬಣ್ಣ ಬಿಡುತ್ತದೆ, ಅದಕ್ಕೇ ಬೇಡ ಅಂದದ್ದು. ನಮ್ಮಲ್ಲಿ ತಾಮ್ರ, ಹಿತ್ತಾಳೆ, ಬೆಳ್ಳಿ, ಹೊಳೆಯಬೇಕಾದದ್ದಕ್ಕೆಲ್ಲ ಹುಣಸೆಹಣ್ಣೇ ಮದ್ದು. ನಾನು ಬೇಡವೆಂದು ಗೋಗರೆದರೂ ಕೇಳದೆ ಗಟ್ಟಿ ಹುಣಸೆರಸದಲ್ಲಿ ಸರ ನೆನೆಹಾಕಿ, ಬಟ್ಟಲನ್ನು ಎಲ್ಲೋ ಬಚ್ಚಿಟ್ಟಳು.

ಬೆಳಿಗ್ಗೆ ತೆಗೆದರೆ ಹೊಳಪೂ ಇಲ್ಲ, ಗುಲಾಬಿಯೂ ಇಲ್ಲ. ಸುಣ್ಣದ ಹರಳಿನಂಥ ಒರಟು ಮಣಿಗಳು. ಅಮ್ಮ ಗೆದ್ದವಳ ಹಾಗೆ ನಿಂತಿದ್ದಳು. ನನಗೆ ಅಳು ತಡೆಯಲಿಲ್ಲ. ಸರ ಹೋಯಿತಲ್ಲ ಅಂತಲ್ಲ, ಖಾಲಾ ಮೋಸ ಮಾಡುತ್ತಾರೆ ಅಂದರೆ ಇನ್ನು ಯಾರು ನಮ್ಮವರು ಅಂತ.

ಜಗಳಕ್ಕೆ ಹೋಗುವ ಮುಂಚೆ ಅಮ್ಮನಿಗೆ ಸಾಕ್ಷಿ ಬೇಕಿತ್ತು. ಯಶವಂತಪುರದಲ್ಲಿ ನಮಗೆ ಗೊತ್ತಿದ್ದ ಒಡವೆ ಅಂಗಡಿಗೆ ನನ್ನನ್ನೂ ಎಳೆದುಕೊಂಡು ಹೋದಳು. ಅಂಗಡಿಯವರು ಮಣಿಯನ್ನು ಹೊರಳಿಸಿ ನೋಡಿದರು, ಮೂಸಿದರು, ಆಮೇಲೆ ಅಮ್ಮನ ಮುಖ ನೋಡಿದರು.

"ಹುಳೀಲಿ ಹಾಕಿದ್ರಾ? ಗಾಜಿನ ಮಣಿ ಆಗಿದ್ರೆ ಏನೂ ಆಗ್ತಿರ್ಲಿಲ್ಲ ಕಣಮ್ಮ. ಇದು ನಿಜವಾದ ಮುತ್ತು, ಅದಕ್ಕೇ ಕೆಟ್ಟಿದ್ದು."

ವಾಪಸು ಬರುವ ಬಸ್ಸಿನಲ್ಲಿ ಅಮ್ಮ, ಇವನೂ ಅವರ ಕಡೆಯವನೇ ಇರಬೇಕು ಅಂದಳು. ಆದರೆ ದನಿಯಲ್ಲಿ ಜೀವ ಇರಲಿಲ್ಲ.

ಅವಳ ಬಗ್ಗೆ ಒಂದು ಒಳ್ಳೆಯ ಮಾತು ಹೇಳಲೇಬೇಕು. ಮನೆಗೆ ಬಂದವಳು ಕಾಲು ಕೂಡ ತೊಳೆಯದೆ ನನ್ನನ್ನೂ ಕರೆದುಕೊಂಡು ಖಾಲಾರ ಮನೆಗೆ ಹೋದಳು. ಕೆಟ್ಟ ಸರವನ್ನು ಅವರ ಕೈಗಿಟ್ಟು, ನಡೆದದ್ದನ್ನು ಮುಚ್ಚಿಡದೆ ಹೇಳಿ, ಬೆಲೆಯನ್ನೂ ಕೊಟ್ಟಳು. ಖಾಲಾ ಒಂದೊಂದೇ ಮಣಿಯನ್ನು ಬೆರಳಿನಿಂದ ಸವರಿ ನೋಡಿದರು.

"ನನ್ನನ್ನೇ ಕೇಳ್ಬಹುದಿತ್ತಲ್ಲ ಅಕ್ಕಾ."

ಅಮ್ಮನಿಗೆ ನಯದ ಸುಳ್ಳು ಹೇಳಿ ಗೊತ್ತಿರಲಿಲ್ಲ. "ಕೇಳಿದ್ರೆ ನೀವು ನಿಜಾನೇ ಹೇಳ್ತೀರ ಅಂತ ನಂಗೆ ಹೇಗೆ ಗೊತ್ತಾಗೋದು?"

ಖಾಲಾ ಸಿಟ್ಟಾಗಲಿಲ್ಲ. ನಮಗೆ ಚಹಾ ಕೊಟ್ಟು ಕಳಿಸಿದರು. ಸದ್ಯ, ಮುಗಿಯಿತು ಅಂದುಕೊಂಡೆ.

ಮುಂದಿನ ರಂಜಾನ್ ಹಬ್ಬಕ್ಕೆ ಅವರು ಎಂದಿನಂತೆ ಶಾವಿಗೆ ಪಾಯಸದಂಥ ಶೀರ್ ಖುರ್ಮಾ ತಂದರು. ಅಮ್ಮ ಸಂತೋಷದಿಂದ ಓಡಿ ಬಂದು ಪಾತ್ರೆಗೆ ಕೈ ಚಾಚಿದಳು. ಖಾಲಾ ಕೊಡಲಿಲ್ಲ. ಪಾತ್ರೆಯನ್ನು ಮೇಜಿನ ಮೇಲಿಟ್ಟು, ನನ್ನಿಂದ ಒಂದು ಬಟ್ಟಲು ಚಮಚ ಕೇಳಿ ತೆಗೆದುಕೊಂಡು, ಸ್ವಲ್ಪ ಬಗ್ಗಿಸಿಕೊಂಡು ನಮ್ಮೆದುರಿಗೇ ನಿಂತು ತಿಂದರು. ಸೆರಗಿನಿಂದ ಬಾಯಿ ಒರೆಸಿಕೊಂಡು ಪಾತ್ರೆಯನ್ನು ಅಮ್ಮನ ಕಡೆ ಸರಿಸಿದರು.

"ಈಗ ತಗೊಳ್ಳಿ ಅಕ್ಕಾ."

ಆ ಮಾತಿನಲ್ಲಿ ಕುಹಕ ಇರಲಿಲ್ಲ. ಆಮೇಲೆ ಪ್ರತಿ ಹಬ್ಬಕ್ಕೂ ಅವರು ಹಾಗೇ ಮೊದಲು ತಾವು ತಿಂದು ತೋರಿಸಿ ಕೊಡುತ್ತಿದ್ದರು. ಹಾಗೆ ಮಾಡಬೇಡಿ ಅನ್ನಲು ಅಮ್ಮನಿಗೆ ಕೊನೆಯವರೆಗೂ ಬಾಯಿ ಬರಲಿಲ್ಲ.