ಅಮ್ಮ ಕಲಿತ ಆಕ್ಸಿಜನ್

ಅಮ್ಮ ಮದುವೆಗೆ ಮುಂಚೆ ಪಿಯುಸಿಯಲ್ಲಿ ಕೆಮಿಸ್ಟ್ರಿ ಒಂದರಲ್ಲೇ ಫೇಲಾಗಿದ್ದಳು. ನಾನು ತುಮಕೂರಿನಲ್ಲಿ ಬಿ.ಎಸ್ಸಿ. ಮುಗಿಸಿ ಕೊರಟಗೆರೆಯ ಮನೆಗೆ ಬಂದ ವರ್ಷ, ಆ ಪರೀಕ್ಷೆಗೆ ಮತ್ತೆ ಕೂರುತ್ತೇನೆ ಎಂದಳು.

"ಪಾಸಾಗಿ ಏನ್ ಮಾಡ್ತೀಯಮ್ಮ?"

"ಏನೂ ಇಲ್ಲ. ಪಾಸಾಗ್ಬೇಕು, ಅಷ್ಟೇ."

ಆಗ ಹುಣಸೆಹಣ್ಣಿನ ಕಾಲ. ಮಧ್ಯಾಹ್ನ ಅವಳು ಪಡಸಾಲೆಯಲ್ಲಿ ಹಣ್ಣು ಕುಟ್ಟಿ ಬೀಜ ಬಿಡಿಸುತ್ತಿದ್ದರೆ ನಾನು ಎದುರಿಗೆ ಪುಸ್ತಕ ಹಿಡಿದು ಕೂರುತ್ತಿದ್ದೆ. ಪರಮಾಣು ಎಲೆಕ್ಟ್ರಾನ್ ಪಡೆದರೆ ಮೈನಸ್, ಕಳೆದುಕೊಂಡರೆ ಪ್ಲಸ್ ಎಂದು ಲೆಕ್ಕ ಹಾಕುವ ಆಕ್ಸಿಡೇಷನ್ ನಂಬರಿಗೆ ಬಂದಾಗ ಇಬ್ಬರೂ ಸಿಕ್ಕಿಕೊಂಡೆವು. ಸಂಯುಕ್ತಗಳಲ್ಲಿ ಆಕ್ಸಿಜನ್ನಿಗೆ ಮೈನಸ್ ಎರಡು ಎಂದು ಮೊದಲ ದಿನ ಹೇಳಿಕೊಟ್ಟಿದ್ದೆ. ಅಮ್ಮ ಅದನ್ನೇ ಗಟ್ಟಿಯಾಗಿ ಹಿಡಿದಿದ್ದಳು. ಹೈಡ್ರೋಜನ್ ಪೆರಾಕ್ಸೈಡ್‌ನಲ್ಲಿ ಮೈನಸ್ ಒಂದು ಎಂದಾಗ ಒಪ್ಪಲಿಲ್ಲ.

"ನೀನೇ ಎರಡು ಅಂದಿದ್ದೆ."

"ಇದ್ರಲ್ಲಿ ಬೇರೆ ಕಣಮ್ಮ. ಎಷ್ಟು ಸಲ ಹೇಳ್ಲಿ ನಿಂಗೆ?"

ನನ್ನ ದನಿ ಏರಿತ್ತು. ಅಮ್ಮ ತಲೆ ತಗ್ಗಿಸಿ ಹಣ್ಣು ಕುಟ್ಟತೊಡಗಿದಳು. ನನಗೆ ಮಗ್ಗಿ ಬಾಯಿಗೆ ಬರಲಿ ಎಂದು ಇಡೀ ಬೇಸಿಗೆ ಜೊತೆಗೆ ಕೂತು ಹೇಳಿಸಿದವಳು ಅವಳು. ಒಮ್ಮೆಯೂ ಗದರಿರಲಿಲ್ಲ. ನಾಚಿಕೆಯಾಯಿತು. ರಾಶಿಯಿಂದ ಎರಡು ಬೀಜ ತೆಗೆದು ನೆಲದ ಮೇಲಿಟ್ಟೆ.

"ಇವೇ ಎಲೆಕ್ಟ್ರಾನ್ ಅನ್ಕೋ. ಒಂದೊಂದು ಹೈಡ್ರೋಜನ್ ಹತ್ರ ಒಂದೊಂದೇ ಬೀಜ. ನೀರಲ್ಲಿ ಹೈಡ್ರೋಜನ್ ಎರಡು, ಆಕ್ಸಿಜನ್ ಒಂದೇ ಇರುತ್ತೆ, ಎರಡು ಬೀಜನೂ ತನ್ನ ಕಡೆ ಎಳ್ಕೊಳ್ಳುತ್ತೆ. ಅದಕ್ಕೇ ಮೈನಸ್ ಎರಡು."

ಅಮ್ಮ ಬೀಜಗಳನ್ನೇ ನೋಡುತ್ತಿದ್ದಳು. "ಪೆರಾಕ್ಸೈಡಲ್ಲಿ ಆಕ್ಸಿಜನ್ನೂ ಎರಡು?"

"ಹೂಂ. ಅವೆರಡೂ ಜೊತೆಗೆ ಅಂಟ್ಕೊಂಡಿರ್ತವೆ. ಎರಡರ ಬಲನೂ ಒಂದೇ, ಒಂದು ಇನ್ನೊಂದರಿಂದ ಕಿತ್ಕೊಳ್ಳಕ್ಕಾಗಲ್ಲ."

ಅಮ್ಮ ತಾನೇ ಒಂದೊಂದು ಬೀಜವನ್ನು ಒಂದೊಂದು ಕಡೆಗೆ ತಳ್ಳಿದಳು.

"ಅಂಗಾದ್ರೆ ತಲೆಗೊಂದೇ ಬರೋದು. ಹೈಡ್ರೋಜನ್ನು ಇಲ್ದಿರೋದನ್ನ ಎಲ್ಲಿಂದ ತಂದ್ಕೊಡ್ತದೆ? ಮೊದ್ಲೇ ಇಂಗೆ ಹೇಳ್ಬಾರ್ದಿತ್ತೇನೆ?"

ಫ್ಲೋರಿನ್ ಜೊತೆ ಸೇರಿದರೆ ಆಕ್ಸಿಜನ್ನೇ ಕಳೆದುಕೊಂಡು ಪ್ಲಸ್ ಎರಡಾಗುತ್ತದೆ ಎಂದೆ. "ಪಾಪ," ಎಂದಳು.

ಮಧುಗಿರಿಯಲ್ಲಿ ಪರೀಕ್ಷೆ. ಕಾಲೇಜಿನ ಹೊರಗೆ ಹೊಂಗೆಮರದ ನೆರಳಲ್ಲಿ ಕಾದಿದ್ದೆ. ಅಮ್ಮ ಸಪ್ಪೆ ಮುಖ ಮಾಡಿಕೊಂಡು ಬಂದಳು. "ಆಕ್ಸಿಜನ್ ನಂಬರಿಂದು ಒಂದೂ ಬರ್ಲಿಲ್ಲ ಕಣೆ. ನಿನ್ನ ಕಷ್ಟ ಎಲ್ಲ ದಂಡ ಆಗೋಯ್ತು." ದಾರಿಯುದ್ದಕ್ಕೂ ಅವಳನ್ನು ಸಮಾಧಾನ ಮಾಡಿದೆ.

ಆದರೂ ಪಾಸಾದಳು. ಫಲಿತಾಂಶ ಬಂದಿದ್ದ ನನ್ನ ಫೋನನ್ನು ಕೈಗೆ ತೆಗೆದುಕೊಂಡು ಕೆಮಿಸ್ಟ್ರಿಯ ಸಾಲನ್ನು ಬಹಳ ಹೊತ್ತು ನೋಡಿದಳು. ಅಪ್ಪ ಕಂಡಕ್ಟರ್, ಆಗ ಪಾವಗಡದ ಬಸ್ಸಿನಲ್ಲಿದ್ದ. ಅವನಿಗೆ ತಾನೇ ಫೋನ್ ಮಾಡಿ, "ನಾನು ಪಾಸಾದೆ ಕಣ್ರಿ," ಎಂದಳು. ಬಸ್ಸಿನ ಸದ್ದಿಗೆ ಅಪ್ಪನಿಗೆ ಕೇಳಿಸಲಿಲ್ಲವೇನೋ. ಕಣ್ಣೊರೆಸಿಕೊಳ್ಳುತ್ತಾ ಅದನ್ನೇ ಎರಡು ಸಲ, ಮೂರು ಸಲ ಹೇಳಿದಳು.