ಸಿಪಿಯು ಒಳಗಿನ ಕುಂಕುಮ

ಮಂಗಳಕ್ಕ, ಆ ಕಂಪ್ಯೂಟರ್ ಕೆಟ್ಟದ್ದು ನೀವು ಇಟ್ಟ ಕುಂಕುಮದಿಂದಲ್ಲ. ನನ್ನಿಂದ. ಅದು ಗೊತ್ತಾದ ಮೇಲೂ ಸುಳ್ಳು ಹೇಳಿದೆ — ಹೇಳಿ, ನಿಮ್ಮಿಂದ ಕೈ ಬೇರೆ ಮುಗಿಸಿಕೊಂಡೆ.

ಬರೆದು ನೋಡಿದರೆ ಎಷ್ಟು ಚಿಕ್ಕ ವಿಷಯ. ಮೊನ್ನೆ ಭಾನುವಾರದವರೆಗೆ ನಾನೂ ಚಿಕ್ಕದೆಂದೇ ತಿಳಿದಿದ್ದೆ. ನಿಮಗೆ ಗೊತ್ತಿರುವುದನ್ನೂ ಸೇರಿಸಿ ಮೊದಲಿಂದ ಹೇಳುತ್ತೇನೆ. ನಡುವೆ ಬಿಡಲು ಹೊರಟರೆ ನನಗೆ ಬೇಡವಾದದ್ದನ್ನೇ ಬಿಡುತ್ತೇನೆ, ನನ್ನ ಬುದ್ಧಿ ನನಗೆ ಗೊತ್ತು.

ತೊಂಬತ್ತರ ದಶಕದ ಕೊನೆ. ಪೀಣ್ಯ ಎರಡನೇ ಹಂತದಲ್ಲಿ ಊದಿನಕಡ್ಡಿ ಡಬ್ಬಿ, ಉಪ್ಪಿನಕಾಯಿ ಲೇಬಲ್ಲು ಮುದ್ರಿಸುವ ನಮ್ಮ ಕಾರ್ಖಾನೆ. ಒಳಗೊಂದು ಎ.ಸಿ. ಕೋಣೆ, ಅದರಲ್ಲಿ ಎರಡು ಕಂಪ್ಯೂಟರ್ — ಒಂದು ನಿಮ್ಮದು, ಒಂದು ನನ್ನದು. ದಾವಣಗೆರೆಯಿಂದ ಬಂದು, ಹಣೆ ತುಂಬ ವಿಭೂತಿ ಹಚ್ಚಿಕೊಂಡು ಕೂರುತ್ತಿದ್ದ ನೀವು ಫೋಟೊ ತಿದ್ದುವ ಸಾಫ್ಟ್‌ವೇರಿನಲ್ಲಿ ಮಾವಿನ ಮಿಡಿಗೆ ಹೊಳಪು ಕೊಟ್ಟರೆ ನೋಡಿದವರ ಬಾಯಲ್ಲಿ ನೀರೂರಬೇಕು. ನನಗೆ ಹೊಟ್ಟೆಕಿಚ್ಚಿತ್ತು. ಅದನ್ನೂ ಹೇಳಿಬಿಡುತ್ತೇನೆ.

ಆ ಆಯುಧ ಪೂಜೆಯ ದಿನ ಯಜಮಾನರೇ ತಟ್ಟೆ ನಿಮ್ಮ ಕೈಗೆ ಕೊಟ್ಟು, “ನೀವೇ ಮಾಡಿ ಮೇಡಂ, ನಿಮ್ಮ ಕೈ ಒಳ್ಳೇದು” ಎಂದರು. ಮುದ್ರಣ ಯಂತ್ರಕ್ಕೆ, ಕಟ್ಟಿಂಗ್ ಯಂತ್ರಕ್ಕೆ, ಕೊನೆಗೆ ಕಂಪ್ಯೂಟರುಗಳಿಗೆ ಪೂಜೆಯಾಯಿತು. ಮಾನಿಟರ್ ಮೇಲೆ ಮೂರು ಬೆರಳ ವಿಭೂತಿ, ಸಿಪಿಯು ಮುಂದಿನ ಸೀಳುಗಳ ಮೇಲೆ ದಪ್ಪಗೆ ಕುಂಕುಮ, ಚೆಂಡುಹೂವು. “ನಾಡಿದ್ದು ಬಂದು ಒರೆಸಿ ಶುರು ಮಾಡ್ತೀನಿ. ಅಲ್ಲೀತನಕ ಯಾರೂ ಮುಟ್ಟಬ್ಯಾಡ್ರಿ” ಎಂದಿರಿ. ಪೂಜೆಯಾದ ಯಂತ್ರವನ್ನು ವಿಜಯದಶಮಿ ಕಳೆಯುವವರೆಗೆ ಯಾರು ತಾನೇ ಮುಟ್ಟುತ್ತಾರೆ?

ನಾನು ಮುಟ್ಟಿದೆ. ಎಲ್ಲರೂ ಅಂಗಳದಲ್ಲಿ ಕಡಲೆಪುರಿ ತಿನ್ನುತ್ತಿದ್ದಾಗ ಒಳಗೆ ಹೋಗಿ ನಿಮ್ಮ ಕಂಪ್ಯೂಟರ್ ಹಚ್ಚಿದೆ. ನಮ್ಮ ರಸ್ತೆಯ ಕಾರ್ಖಾನೆಗಳ ಹುಡುಗರ ರಾಜ್ಯೋತ್ಸವಕ್ಕೆ ಕರಪತ್ರ ಮಾಡಿಕೊಡುವ ಜಂಬ ನನ್ನದಾಗಿತ್ತು, ಪ್ರಿಂಟರ್ ಇದ್ದದ್ದು ನಿಮ್ಮ ಕಂಪ್ಯೂಟರಿಗೆ ಮಾತ್ರ. ಗೆಳೆಯನೊಬ್ಬ ಫ್ಲಾಪಿಯಲ್ಲಿ ಬಳ್ಳಿಬಳ್ಳಿಯಾದ ಕನ್ನಡ ಅಕ್ಷರಗಳ ಫಾಂಟ್ ಕೊಟ್ಟಿದ್ದ. ವೈರಸ್ಸಿನ ಭಯಕ್ಕೆ ಯಜಮಾನರು, ಹೊರಗಿನ ಫ್ಲಾಪಿ ಹಾಕಿದವರು ಅವತ್ತೇ ಮನೆಗೆ ಎಂದು ಗೋಡೆಗೆ ಬರೆದು ಅಂಟಿಸಿದ್ದರು. ಆದರೂ ಹಾಕಿದೆ. ಫಾಂಟನ್ನು ಸೇರಿಸಿ, ಕರಪತ್ರ ಮುದ್ರಿಸಿಕೊಂಡು, ಕಂಪ್ಯೂಟರ್ ಆರಿಸಿ ಬಂದೆ.

ಕೆಲಸ ಶುರುವಾದ ದಿನ ನಿಮ್ಮ ಸಾಫ್ಟ್‌ವೇರ್ ತೆರೆಯಲಿಲ್ಲ. ಶುರುವಾಗುವಾಗ ಬರುವ ಪುಟ್ಟ ಚಿತ್ರ ಬರುತ್ತಿತ್ತು, ಅದರಡಿ ಇರುವೆಸಾಲಿನಂಥ ಇಂಗ್ಲಿಷ್ ಅಕ್ಷರ ಓಡುತ್ತಿತ್ತು, ಅಷ್ಟರಲ್ಲಿ ಎಲ್ಲ ಮಾಯ. ಮಿಕ್ಕದ್ದೆಲ್ಲ ಸರಿಯಿತ್ತು. ನನ್ನ ಕಂಪ್ಯೂಟರಿನಲ್ಲಿ ಅದೇ ಸಾಫ್ಟ್‌ವೇರ್ ಸಲೀಸಾಗಿ ತೆರೆಯುತ್ತಿತ್ತು. ತೆಗೆದು ಮತ್ತೆ ಹಾಕಿದೆವು, ಸೀಡಿ ಬದಲಿಸಿದೆವು. ಸರ್ವಿಸ್‌ನವನು ಬಂದು ಡಬ್ಬಿ ಬಿಚ್ಚಿದ. ಒಳಗೆಲ್ಲ ಕೆಂಪು.

“ಕುಂಕುಮ ಎಳ್ಕೊಂಡ್ಬಿಟ್ಟಿದೆ ಸಾರ್. ಇನ್ನೇನ್ ಕೆಲಸ ಮಾಡುತ್ತೆ?” ಎಂದ ಅವನು.

“ನಂದೇ ತಪ್ಪು ಸಾರ್” ಎಂದಿರಿ ನೀವು, ಯಾರೂ ಕೇಳುವ ಮೊದಲೇ. ನಾನೂ ಹಾಗೆಂದೇ ನಂಬಿದೆ. ಅಲ್ಲಿಯವರೆಗೆ — ಅಲ್ಲಿಯವರೆಗೆ ಮಾತ್ರ — ನಾನು ಸುಳ್ಳುಗಾರನಲ್ಲ.

ಕಂಪ್ಯೂಟರನ್ನು ಅವನು ಹೊತ್ತೊಯ್ಯುತ್ತಾನೆ ಎಂದಾಗ ನನಗೆ ಫಾಂಟ್ ನೆನಪಾಯಿತು. ಕಂಡರೆ ಕೆಲಸ ಹೋಯಿತಲ್ಲ. ಎಲ್ಲರೂ ಊಟಕ್ಕೆ ಎದ್ದ ಹೊತ್ತಿನಲ್ಲಿ ಅದನ್ನು ಅಳಿಸಿದೆ. ಏಳುವ ಮುಂಚೆ ಸುಮ್ಮನೆ ನಿಮ್ಮ ಸಾಫ್ಟ್‌ವೇರ್ ಒತ್ತಿದೆ.

ತೆರೆದುಕೊಂಡಿತು.

ಫ್ಲಾಪಿ ಜೇಬಿನಲ್ಲೇ ಇತ್ತು. ಫಾಂಟನ್ನು ಮತ್ತೆ ಸೇರಿಸಿದೆ. ತೆರೆಯಲಿಲ್ಲ. ಈ ಸಲ ಆ ಇರುವೆಸಾಲನ್ನು ಓದಿದೆ — ಫಾಂಟುಗಳನ್ನು ಓದುತ್ತಿದ್ದೇನೆ ಎಂಬಲ್ಲಿಗೆ ಅದು ನಿಂತು ಸಾಯುತ್ತಿತ್ತು. ಅಷ್ಟು ದಿನವೂ ಎಲ್ಲರ ಕಣ್ಣೆದುರೇ ಅದು ನನ್ನ ಹೆಸರು ಹೇಳುತ್ತಿತ್ತು. ಮತ್ತೆ ಅಳಿಸಿದೆ. ತೆರೆಯಿತು.

ಹಿಂದೆ ಯಜಮಾನರ ದನಿ. “ಅರೆ, ಬಂತಲ್ಲ! ಏನ್ರೀ ಮಾಡಿದ್ರಿ ನಾಗರಾಜ್?”

ಅವರ ಹಿಂದೆ, ತೊಳೆದ ಊಟದ ಡಬ್ಬಿ ಹಿಡಿದು ನೀವು.

“ಒಳಗಿನ ಕುಂಕುಮ ಊದಿ ತೆಗ್ದೆ ಸಾರ್.”

ಇಷ್ಟೇ. ಯಾರೂ ಹೇಳಿಕೊಡದೆ, ತಡವರಿಸದೆ ಹೇಳಿದೆ. ಆ ಸಲೀಸು ನನಗೆ ಇವತ್ತಿಗೂ ದಿಗಿಲು ಹುಟ್ಟಿಸುತ್ತದೆ. ನೀವು ಡಬ್ಬಿ ಕೆಳಗಿಟ್ಟು ಕೈ ಮುಗಿದಿರಿ. “ದೊಡ್ಡ ಉಪಕಾರ ಆತು ನಾಗರಾಜ್” ಎಂದಿರಿ. ಆ ವಾರವೇ ಯಜಮಾನರು ನಿಮ್ಮನ್ನು ಪ್ಯಾಕಿಂಗ್ ಕಡೆಗೆ ಹಾಕಿದರು. ಯುಗಾದಿಗೆ ಮೊದಲೇ ನೀವು ಕೆಲಸ ಬಿಟ್ಟು ಹೋದಿರಿ. ಮಾವಿನ ಮಿಡಿಗಳು ನನ್ನ ಪಾಲಿಗೆ ಬಂದವು.

ಬೇರೆಲ್ಲೋ ಚೆನ್ನಾಗಿರುತ್ತೀರಿ ಎಂದುಕೊಂಡು ಮರೆತೆ. ಹೌದು, ಮರೆತೆ. ಮೊನ್ನೆ ಭಾನುವಾರ ವೈಟ್‌ಫೀಲ್ಡಿನಲ್ಲಿ ತಂಗಿ ಇರುವ ಅಪಾರ್ಟ್‌ಮೆಂಟಿಗೆ ಹೋದಾಗ, ಕೆಳಗೆ ಹೊಸ ಕಾರಿಗೆ ಪೂಜೆ ನಡೆಯುತ್ತಿತ್ತು. ನೋಡಿದರೆ ಅಲ್ಲಿ ನೀವು. ನಿಮ್ಮ ಸೊಸೆ ನಿಮ್ಮ ಮುಂದೆ ಕುಂಕುಮದ ಬಟ್ಟಲು ಹಿಡಿದಿದ್ದಳು. ನೀವು ಎರಡು ಹೆಜ್ಜೆ ಹಿಂದೆ ಸರಿದಿರಿ.

“ನೀನೇ ಹಚ್ಚವ್ವ. ನನ್ನ ಕೈಗೆ ಮಷೀನು ಆಗಿಬರಲ್ಲ.”

ಆಮೇಲೆ ನನ್ನನ್ನು ನೋಡಿದಿರಿ. ಗುರುತು ಹಿಡಿದು, ಮುಖವರಳಿಸಿ, ಅವಳನ್ನು ಕರೆದು ಹೇಳಿದಿರಿ: “ನಾ ಕೆಡಿಸಿದ್ದನ್ನ ಸರಿ ಮಾಡಿ ನನ್ನ ಮರ್ಯಾದಿ ಉಳಿಸಿದೋರು ಇವರೇ ನೋಡು.”

ನೀವು ಕೊಟ್ಟ ಪೇಡ ತಿಂದೆ. ಬಾಯಿ ಬಿಡಲಿಲ್ಲ — ಎರಡನೇ ಸಲ.

ಮನೆಗೆ ಬಂದ ಮೇಲೆ ಇನ್ನೊಂದು ಹೊಳೆಯಿತು. ಇಷ್ಟು ವರ್ಷ ಅದು ತಲೆಗೇ ಬಂದಿರಲಿಲ್ಲ. ನಾಡಿದ್ದು ಒರೆಸಿ ಶುರು ಮಾಡುತ್ತೇನೆ ಎಂದಿದ್ದಿರಲ್ಲ. ಒರೆಸದೆ ಕಂಪ್ಯೂಟರ್ ಹಚ್ಚಿದವನು ನಾನು. ಗಾಳಿ ಒಳಗೆಳೆಯುವ ಅದರ ಫ್ಯಾನ್ ತಿರುಗಿಸಿದವನು ನಾನು. ಮಂಗಳಕ್ಕ, ಆ ಕುಂಕುಮ ಒಳಗೆ ಹೋದದ್ದೂ ನನ್ನಿಂದಲೇ.

ಇದನ್ನು ಅಂಚೆಗೆ ಹಾಕುವುದಿಲ್ಲ. ಬರುವ ಭಾನುವಾರ ನಾನೇ ಬಂದು ಓದುತ್ತೇನೆ. ಸೊಸೆಯೂ ಜೊತೆಗಿರಲಿ, ನೀವು ನನ್ನನ್ನು ಹೊಗಳಿದ್ದು ಅವಳ ಮುಂದೆ.